ಮೊದಲು ಕಾವು, ಆಮೇಲೆ ಕೈ: ಬೆನ್ನಿನ ಮೇಲ್ಭಾಗದ ಕೀಲುನೋವಿಗೆ ಮಾಕ್ಸಾ ಮತ್ತು ಕೈಚಿಕಿತ್ಸೆ

ತಿರುಗಿದರೆ ಚಳಕ್ ಅನ್ನುತ್ತದೆ. ಉಸಿರು ಪೂರ್ತಿ ಎಳೆದುಕೊಳ್ಳಲು ಹೋದರೆ ಅರ್ಧದಲ್ಲೇ ಯಾರೋ ಹಿಡಿದ ಹಾಗೆ. ಎರಡು ಹೆಗಲ ಮೂಳೆಗಳ ನಡುವೆ, ಬೆನ್ನುಮೂಳೆಗೆ ಅಂಟಿಕೊಂಡಂತೆ, ಬೆರಳಿಟ್ಟು ತೋರಿಸಬಹುದಾದ ಒಂದೇ ಒಂದು ಜಾಗ. ತಮಾಷೆ ಅಂದರೆ ನಮ್ಮದೇ ಬೆರಳು ಅಲ್ಲಿಗೆ ಎಟುಕುವುದಿಲ್ಲ. "ಇಲ್ಲಿ ಒತ್ತು, ಅಲ್ಲಲ್ಲ, ಇನ್ನೂ ಸ್ವಲ್ಪ ಒಳಗೆ" ಎಂದು ಇನ್ನೊಬ್ಬರಿಗೆ ಹೇಳಿ ಹೇಳಿ ಸಾಕಾಗಿರುತ್ತದೆ.

ಈ ನೋವಿಗೆ ಚೀನೀ ವೈದ್ಯಪದ್ಧತಿಯಲ್ಲಿ ಎರಡು ಕೆಲಸಗಳನ್ನು ಜೋಡಿಸುತ್ತಾರೆ. ಒಂದು ಮಾಕ್ಸಿಬಶನ್. ಅಂದರೆ ಒಣಗಿಸಿ ಪುಡಿ ಮಾಡಿದ ಮಾಕ್ಸಾ ಎಂಬ ಸೊಪ್ಪನ್ನು ಹೊತ್ತಿಸಿ, ಅದರ ಕಾವನ್ನು ಚರ್ಮಕ್ಕೆ ಕೊಡುವುದು. ಇನ್ನೊಂದು ಕೈಚಿಕಿತ್ಸೆ. ನೀವುವುದು, ನಾದುವುದು, ಕೀಲನ್ನು ಮೆಲ್ಲಗೆ ಒತ್ತಿ ಅಲುಗಿಸುವುದು. ಎರಡನ್ನೂ ಬೇರೆ ಬೇರೆಯಾಗಿ ಮಾಡಿಸಿಕೊಂಡು "ಏನೂ ಆಗಲಿಲ್ಲ" ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೆಲವು ವರ್ಷ ನಾನೂ ಅವರಲ್ಲಿ ಒಬ್ಬ. ಆಮೇಲೆ ಗೊತ್ತಾಗಿದ್ದು ಏನೆಂದರೆ, ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲೇ ಮುಕ್ಕಾಲು ವಿಷಯ ಇದೆ.

ನೋಯುತ್ತಿರುವುದು ಯಾವುದು?

ಕತ್ತಿನ ಬುಡದಿಂದ ಪಕ್ಕೆಲುಬು ಮುಗಿಯುವ ತನಕ ಬೆನ್ನುಮೂಳೆಯಲ್ಲಿ 12 ತುಂಡುಗಳಿವೆ. ಒಂದರ ಮೇಲೊಂದು ಕೂರುವಲ್ಲಿ, ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲು ಇರುತ್ತದೆ. ಇವನ್ನು ಫ್ಯಾಸೆಟ್ ಕೀಲು ಅನ್ನುತ್ತಾರೆ. ಇಷ್ಟೇ ಆಗಿದ್ದರೆ ಸರಿ. ಆದರೆ ಈ ಭಾಗದಲ್ಲಿ 12 ಜೊತೆ ಪಕ್ಕೆಲುಬುಗಳೂ ಬಂದು ಸೇರುತ್ತವೆ. ಹೆಚ್ಚಿನ ಪಕ್ಕೆಲುಬುಗಳು ಎರಡೆರಡು ಕಡೆ ಕೀಲಾಗಿ ಕೂರುತ್ತವೆ. ಒಂದು ಬೆನ್ನುಮೂಳೆಯ ಮೈಗೆ, ಇನ್ನೊಂದು ಅದರ ಪಕ್ಕದ ರೆಕ್ಕೆಗೆ. ಹೀಗಾಗಿ ಒಂದು ಅಂಗೈ ಅಗಲದ ಜಾಗದಲ್ಲಿ ಕೀಲುಗಳ ಸಂತೆಯೇ ನೆರೆದಿರುತ್ತದೆ. ಉಸಿರಾಡಿದಾಗ ನೋವು ಚುಚ್ಚುವುದು ಇದರಿಂದಲೇ. ಪ್ರತಿ ಉಸಿರಿಗೂ ಪಕ್ಕೆಲುಬು ಏಳಬೇಕು, ಇಳಿಯಬೇಕು. ಅದರ ಕೀಲು ಬಿಗಿದಿದ್ದರೆ ಉಸಿರೇ ನೋವಾಗುತ್ತದೆ.

ಗಂಟೆಗಟ್ಟಲೆ ಮುಂದಕ್ಕೆ ಬಾಗಿ ಕೂತರೆ ಈ ಕೀಲುಗಳು ಒಂದೇ ಭಂಗಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ಕೀಲಿಗೆ ಕಿರಿಕಿರಿಯಾದ ಕೂಡಲೇ ಸುತ್ತಲಿನ ಸ್ನಾಯು ಕಾವಲುಗಾರನ ಹಾಗೆ ಬಿಗಿದು ನಿಲ್ಲುತ್ತದೆ. ಅಲ್ಲಾಡಬೇಡ ಎಂದು ತಡೆಯುತ್ತದೆ. ಮೊದಲ ದಿನ ಇದು ಒಳ್ಳೆಯದೇ. ಹತ್ತನೇ ದಿನಕ್ಕೆ ಆ ಬಿಗಿತವೇ ಹೊಸ ನೋವು.

ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ. ಚರ್ಮದ ಮೇಲಿಂದ ಕೊಡುವ ಕಾವು ಒಂದೆರಡು ಸೆಂಟಿಮೀಟರ್ ಆಳಕ್ಕಿಂತ ಕೆಳಗೆ ಅಷ್ಟಾಗಿ ಇಳಿಯುವುದಿಲ್ಲ. ಕೀಲು ಇರುವುದು ಅದಕ್ಕಿಂತ ಕೆಳಗೆ, ದಪ್ಪ ಸ್ನಾಯುಗಳ ಅಡಿಯಲ್ಲಿ. ಅಂದರೆ ಮಾಕ್ಸಾ ಕೀಲನ್ನು ಬಿಸಿ ಮಾಡುವುದಿಲ್ಲ. ಅದು ಕಾವಲುಗಾರನನ್ನು ಸ್ವಲ್ಪ ಹೊತ್ತು ಕೂರಿಸುತ್ತದೆ, ಅಷ್ಟೇ. ಅವನು ಕೂತಿರುವಾಗ ಕೈ ಒಳಗೆ ಹೋಗಿ ಕೀಲನ್ನು ಅಲುಗಿಸಬೇಕು. ಆಮೇಲೆ ನೀವೇ ಅದನ್ನು ಬಳಸಬೇಕು. ಕಾವು, ಕೈ, ಚಲನೆ. ಮೂರರಲ್ಲಿ ಒಂದನ್ನು ಬಿಟ್ಟರೂ ಮರುದಿನ ಬೆಳಿಗ್ಗೆ ನೋವು ಹಾಜರ್.

ಶುರು ಮಾಡುವ ಮೊದಲು

ಬೆನ್ನಿನ ಮೇಲ್ಭಾಗದ ನೋವೆಲ್ಲ ಕೀಲಿನದ್ದಲ್ಲ. ಹೃದಯ, ದೊಡ್ಡ ರಕ್ತನಾಳ, ಪಿತ್ತಕೋಶ, ಶ್ವಾಸಕೋಶ, ಇವುಗಳ ತೊಂದರೆಯೂ ಇದೇ ಜಾಗಕ್ಕೆ ಬಂದು ಕೂರಬಹುದು. ಎದೆ ಬಿಗಿತ, ಬೆವರು, ಏದುಸಿರು, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಸೀದಾ ಆಸ್ಪತ್ರೆಗೆ. ಹೆಗಲ ಮೂಳೆಗಳ ನಡುವೆ ಏಕಾಏಕಿ ಏನೋ ಹರಿದ ಹಾಗೆ ಭಯಂಕರ ನೋವು ಬಂದರೂ ಅಷ್ಟೇ. ಆಗ ಶಾಖ ಕೊಡುತ್ತಾ ಕೂರುವುದು ಬೇಡ.

ಇನ್ನು ಕೆಲವು ನೋವು ನಿಧಾನವಾಗಿ ಬರುತ್ತವೆ. ರಾತ್ರಿ ಮಲಗಿದರೂ ಕಡಿಮೆಯಾಗದ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಮೇಲೆ ಶುರುವಾದ ನೋವು. ಕ್ಷಯರೋಗ ಬೆನ್ನುಮೂಳೆಗೆ ಬಂದರೆ ಹೆಚ್ಚಾಗಿ ಈ ಭಾಗವನ್ನೇ, ಇಲ್ಲವೇ ಸೊಂಟದ ಭಾಗವನ್ನು ಹಿಡಿಯುತ್ತದೆ. ಕಾಲು ಸೋಲುವುದು, ನಡಿಗೆ ತಪ್ಪುವುದು, ಮೂತ್ರ ಮಲದ ಹಿಡಿತ ತಪ್ಪುವುದು ಇದ್ದರಂತೂ ಒಂದು ದಿನವೂ ಕಾಯಬೇಡಿ. ಬೆನ್ನಿನಿಂದ ಎದೆಯ ಕಡೆಗೆ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಉರಿ ಇದ್ದರೆ ಸರ್ಪಸುತ್ತು ಇರಬಹುದು. ಗುಳ್ಳೆ ಏಳುವುದಕ್ಕೆ ಕೆಲವು ದಿನ ಮೊದಲೇ ಈ ಉರಿ ಶುರುವಾಗುತ್ತದೆ. ಅದರ ಮೇಲೆ ಮಾಕ್ಸಾ ಹಿಡಿದರೆ ಕಥೆ ಮುಗೀತು.

ಕಾವು ಯಾರಿಗೆ ಬೇಡ? ಬಿಸಿ ಸರಿಯಾಗಿ ಗೊತ್ತಾಗದವರಿಗೆ. ಸಕ್ಕರೆ ಕಾಯಿಲೆಯಿಂದ ನರ ಮರಗಟ್ಟಿದವರು ಇದರಲ್ಲಿ ಮೊದಲಿಗರು. ಜ್ವರ ಇದ್ದಾಗ, ಚರ್ಮದ ಮೇಲೆ ಗಾಯ ಇದ್ದಾಗ, ಕುಡಿದಾಗ ಬೇಡ. ಅಸ್ತಮಾ ಇರುವವರಿಗೆ ಹೊಗೆ ಆಗಿಬರುವುದಿಲ್ಲ. ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಿಸಿಕೊಳ್ಳಬಾರದು. ಒತ್ತುವ ಕೆಲಸ ಯಾರಿಗೆ ಬೇಡ? ಮೂಳೆ ಸವೆದು ಟೊಳ್ಳಾದವರಿಗೆ, ತುಂಬಾ ಕಾಲದಿಂದ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವವರಿಗೆ, ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರಿಗೆ. ವಯಸ್ಸಾದವರ ಪಕ್ಕೆಲುಬು ಒಂದು ಜೋರಾದ ಒತ್ತಿಗೇ ಬಿರುಕು ಬಿಡಬಹುದು.

ಮಾಕ್ಸಾ ಅಂದರೆ

ಗಿಡದ ಹೆಸರು ಆರ್ಟಿಮೀಸಿಯಾ. ನಮಗೆ ಗೊತ್ತಿರುವ ದವನವೂ ಇದೇ ಕುಲದ್ದು, ಆದರೆ ಬೇರೆ ಗಿಡ. ಚೀನಾದಲ್ಲಿ ಬಳಸುವುದು ಆರ್ಟಿಮೀಸಿಯಾ ಆರ್ಗಿ. ಎಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಹತ್ತಿಯಂಥ ನಾರು ಉಳಿಯುತ್ತದೆ. ಅದನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿದರೆ ಮಾಕ್ಸಾ ಕಡ್ಡಿ. ಸಾಮಾನ್ಯವಾಗಿ ಸಿಗುವುದು ಸುಮಾರು 20 ಸೆಂಟಿಮೀಟರ್ ಉದ್ದ, 1.8 ಸೆಂಟಿಮೀಟರ್ ದಪ್ಪದ್ದು. ಇದಕ್ಕೆ ಜ್ವಾಲೆ ಇರುವುದಿಲ್ಲ. ಊದುಬತ್ತಿಯ ಹಾಗೆ ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ. ಮಾಕ್ಸಾ ಎಂಬ ಹೆಸರು ಬಂದದ್ದು ಜಪಾನಿನ 'ಮೊಗುಸಾ' ಎಂಬ ಮಾತಿನಿಂದ. ನಾವು ಆಕ್ಯುಪಂಕ್ಚರ್ ಎಂದು ಕರೆಯುವುದಕ್ಕೆ ಚೀನಿಯರು ಹೇಳುವ ಪದ 'ಜೆನ್ ಜ್ಯೂ'. ಜೆನ್ ಅಂದರೆ ಸೂಜಿ, ಜ್ಯೂ ಅಂದರೆ ಈ ಸುಡುವ ಸೊಪ್ಪು. ಅಂದರೆ ಅವರ ಲೆಕ್ಕದಲ್ಲಿ ಎರಡೂ ಜೋಡಿ. 2010ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಎರಡನ್ನೂ ಒಟ್ಟಿಗೇ.

ಈ ಸೊಪ್ಪಿನಲ್ಲಿ ಬಿಸಿನೀರಿನ ಚೀಲಕ್ಕಿಲ್ಲದ ವಿಶೇಷ ಗುಣ ಇದೆಯಾ? ಇದೆ ಅನ್ನುವವರು ಇದ್ದಾರೆ. ಆದರೆ ನಡೆದ ಪರೀಕ್ಷೆಗಳಲ್ಲಿ ಹೆಚ್ಚಿನವು ಚಿಕ್ಕವು. ಬಿಸಿ, ವಾಸನೆ, ಹೊಗೆ ಇರುವ ಚಿಕಿತ್ಸೆಯನ್ನು ರೋಗಿಗೆ ಗೊತ್ತಾಗದಂತೆ ಕೊಡುವುದೂ ಕಷ್ಟ. ಹಾಗಾಗಿ ನಾನು ಆ ವಾದಕ್ಕೆ ಹೋಗುವುದಿಲ್ಲ. ನನಗೆ ಇಷ್ಟವಾದದ್ದು ಇಷ್ಟು: ಒಂದು ನಾಣ್ಯದಗಲದ ಜಾಗಕ್ಕೆ ಬೇಕಾದಷ್ಟೇ ಕಾವು ಕೊಡಬಹುದು, ಕೈ ಎತ್ತಿದರೆ ನಿಲ್ಲಿಸಬಹುದು. ಮಾಕ್ಸಾ ಸಿಗದಿದ್ದರೆ ಅಥವಾ ಹೊಗೆ ಆಗದಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಗಳೆಲ್ಲ ಹಾಗೆಯೇ ನಡೆಯುತ್ತವೆ.

ಚರ್ಮದ ಮೇಲೇ ನೇರವಾಗಿ ಇಟ್ಟು ಸುಡುವ ಪದ್ಧತಿಯೂ ಇದೆ. ಕಲೆ ಉಳಿಯುತ್ತದೆ, ಕೆಲವರು ಬೇಕೆಂದೇ ಉಳಿಸುತ್ತಾರೆ. ಮನೆಯಲ್ಲಿ ಅದರ ಸುದ್ದಿಗೇ ಹೋಗಬೇಡಿ.

ಕೈಗೆಟುಕುವ ಹಾಗೆ ಇರಬೇಕಾದವು: ಮಾಕ್ಸಾ ಕಡ್ಡಿ, ಬೂದಿ ಉದುರಿಸಲು ಒಂದು ಪಿಂಗಾಣಿ ಬಟ್ಟಲು, ಕಡ್ಡಿ ಆರಿಸಲು ಒಣ ಮರಳು ತುಂಬಿದ ಡಬ್ಬ, ದಪ್ಪ ಹತ್ತಿ ಬಟ್ಟೆ, ಒದ್ದೆ ಬಟ್ಟೆ, ಗಡಿಯಾರ. ಕಿಟಕಿ ತೆರೆದಿರಲಿ. ಆದರೆ ಗಾಳಿ ಸೀದಾ ಬೆನ್ನಿಗೆ ಬಡಿಯುವುದು ಬೇಡ. ಹೊಗೆ ಸೊಪ್ಪಿನದ್ದೇ ಆದರೂ ಹೊಗೆ ಹೊಗೆಯೇ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಕೂಡ ಇರುತ್ತದೆ. ಉದ್ದ ಕೂದಲಿದ್ದರೆ ಮೇಲಕ್ಕೆ ಕಟ್ಟಿ. ನೈಲಾನ್ ಬಟ್ಟೆ ಹತ್ತಿರವೂ ಇರಬಾರದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅಂದು ಬೆಳಿಗ್ಗೆ ನೋವಿನ ಮುಲಾಮು ಹಚ್ಚಿದ್ದರೆ ಕಾವು ಕೊಡಬೇಡಿ. ಮುಲಾಮಿನ ತಂಪು ಬಿಸಿಯ ಅರಿವನ್ನೇ ಮಂಕು ಮಾಡುತ್ತದೆ. ಖಾರದ ಮುಲಾಮಾದರೆ ಉರಿ ಎರಡು ಪಟ್ಟು. ಎಣ್ಣೆಯೂ ಕಾವಿನ ಮೊದಲು ಬೇಡ.

ಜಾಗ ಹುಡುಕುವುದು

ತಲೆ ಬಗ್ಗಿಸಿ. ಕತ್ತಿನ ಬುಡದಲ್ಲಿ ಎದ್ದು ಕಾಣುವ ಉಬ್ಬು ಸಾಮಾನ್ಯವಾಗಿ ಕತ್ತಿನ ಏಳನೇ, ಅಂದರೆ ಕೊನೆಯ ಮೂಳೆ. ಕೆಲವರಲ್ಲಿ ಅದರ ಕೆಳಗಿನದ್ದೇ ಜಾಸ್ತಿ ಎದ್ದಿರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಕೈ ಪಕ್ಕಕ್ಕಿಟ್ಟು ನಿಂತಾಗ ಹೆಗಲ ಮೂಳೆಯ ಅಡ್ಡ ಏಣು ಬೆನ್ನಿನ ಕಡೆ ಮುಗಿಯುವ ಮಟ್ಟಕ್ಕೆ ಬೆನ್ನಿನ ಮೂರನೇ ಮೂಳೆ ಇರುತ್ತದೆ. ಹೆಗಲ ಮೂಳೆಯ ಕೆಳತುದಿಯ ಮಟ್ಟಕ್ಕೆ ಏಳನೆಯದು. ನಮ್ಮ ಕೆಲಸವೆಲ್ಲ ಹೆಚ್ಚಾಗಿ ಈ ಎರಡು ಗುರುತುಗಳ ನಡುವೆ.

ಚೀನೀ ಪದ್ಧತಿಯಲ್ಲಿ ಅಳತೆಗೆ 'ತ್ಸುನ್' ಎಂಬ ಮಾನ ಇದೆ. ರೋಗಿಯ ಹೆಬ್ಬೆರಳಿನ ಗಿಣ್ಣಿನ ಅಗಲ ಒಂದು ತ್ಸುನ್. ಗಮನಿಸಿ, ನಿಮ್ಮ ಹೆಬ್ಬೆರಳಲ್ಲ, ರೋಗಿಯದ್ದು. ಬೆನ್ನಿನ ನಡುಗೆರೆಯಿಂದ ಹೆಗಲ ಮೂಳೆಯ ಒಳ ಅಂಚಿಗೆ 3 ತ್ಸುನ್. ಅದರ ಅರ್ಧಕ್ಕೆ, ಒಂದೂವರೆ ತ್ಸುನ್ ದೂರದಲ್ಲಿ, ಮೂರನೇ ಮೂಳೆಯ ಕೆಳಮಟ್ಟಕ್ಕೆ 'ಫೈ ಶು', ಐದನೆಯದಕ್ಕೆ 'ಶಿನ್ ಶು', ಏಳನೆಯದಕ್ಕೆ 'ಗ ಶು' ಎಂಬ ಬಿಂದುಗಳು ಬರುತ್ತವೆ. ಹೆಸರುಗಳು ಶ್ವಾಸಕೋಶ, ಹೃದಯ, ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಸೇರಿದವು. ನಡುಗೆರೆಯಿಂದ ಬರೀ ಅರ್ಧ ತ್ಸುನ್ ದೂರದಲ್ಲಿ ಸಾಲಾಗಿ ಇರುವ ಬಿಂದುಗಳಿಗೆ ಚೀನಾದ ಹಾನ್ ರಾಜರ ಕಾಲದ ವೈದ್ಯ ಹ್ವಾ ತ್ವೋ ಹೆಸರಿದೆ. ಫ್ಯಾಸೆಟ್ ಕೀಲಿಗೆ ಅತಿ ಹತ್ತಿರದ ಸಾಲು ಇದೇ.

ಹೆಸರು ನೆನಪಿರದಿದ್ದರೆ ಏನೂ ನಷ್ಟವಿಲ್ಲ. ಏಳನೇ ಶತಮಾನದ ವೈದ್ಯ ಸುನ್ ಸಿಮ್ಯಾವ್ ಬರೆದಿಟ್ಟ ಉಪಾಯ ನನಗೆ ಎಲ್ಲಕ್ಕಿಂತ ಮೆಚ್ಚು. ಒತ್ತುತ್ತಾ ಹೋಗಿ, ರೋಗಿ "ಆ, ಅದೇ!" ಅಂದ ಕಡೆ ನಿಲ್ಲಿ. ಅಂಥ ಜಾಗಕ್ಕೆ ಚೀನೀ ಹೆಸರೇ 'ಆ ಶಿ'. ಅರ್ಥವೂ ಹೆಚ್ಚುಕಡಿಮೆ ಅದೇ. ಅಂಥ ಎರಡು ಜಾಗ, ಹೆಚ್ಚೆಂದರೆ ಮೂರು, ಪೆನ್ನಿನಿಂದ ಗುರುತು ಹಾಕಿ. ಐದಾರು ಜಾಗಕ್ಕೆ ಹೋದರೆ ಯಾವುದಕ್ಕೂ ನ್ಯಾಯ ಸಿಗುವುದಿಲ್ಲ.

ಮಲಗುವ ಮುನ್ನ ಒಂದು ಪರೀಕ್ಷೆ. ಕುರ್ಚಿಯ ಮೇಲೆ ಕೂತು, ಮೊಣಕಾಲುಗಳ ನಡುವೆ ದಿಂಬು ಹಿಡಿದು, ಕೈಗಳನ್ನು ಎದೆಯ ಮೇಲೆ ಕಟ್ಟಿ, ಎಡಕ್ಕೂ ಬಲಕ್ಕೂ ತಿರುಗಿ. ಎಲ್ಲಿಯ ತನಕ ಹೋಯಿತು, ಗೋಡೆಯ ಮೇಲೆ ಯಾವ ವಸ್ತು ಕಂಡಿತು, ನೋವು ಹತ್ತಕ್ಕೆ ಎಷ್ಟು ಎಂದು ಬರೆದಿಡಿ. ಮುಗಿದ ಮೇಲೆ ಇದನ್ನೇ ಮತ್ತೆ ಮಾಡಬೇಕು. "ಸ್ವಲ್ಪ ಹಗುರ ಅನ್ನಿಸ್ತು" ಎಂಬ ಮಾತನ್ನು ನಂಬಿದರೆ ತಿಂಗಳುಗಟ್ಟಲೆ ಸುಮ್ನೆ ಕಡ್ಡಿ ಸುಡುತ್ತಾ ಇರುತ್ತೇವೆ.

ಕಾವು: 10ರಿಂದ 15 ನಿಮಿಷ

ರೋಗಿ ಬೋರಲು ಮಲಗಲಿ. ಎದೆಯ ಕೆಳಗೆ ತೆಳ್ಳನೆಯ ದಿಂಬು, ಹಣೆಯ ಕೆಳಗೆ ಮಡಿಚಿದ ಬಟ್ಟೆ. ಕೈಗಳು ಮಂಚದ ಎರಡೂ ಕಡೆ ಇಳಿಬಿದ್ದರೆ ಹೆಗಲ ಮೂಳೆಗಳು ಪಕ್ಕಕ್ಕೆ ಸರಿದು ನಡುವಿನ ಜಾಗ ತೆರೆದುಕೊಳ್ಳುತ್ತದೆ. ಗುರುತಿನ ಸುತ್ತ ಬಿಟ್ಟು ಉಳಿದ ಬೆನ್ನಿಗೆ ಹತ್ತಿ ಬಟ್ಟೆ ಹೊದಿಸಿ.

ಕಡ್ಡಿಯ ತುದಿ ಪೂರ್ತಿ ಕೆಂಪಾಗುವ ತನಕ ಹೊತ್ತಿಸಿ. ಅರ್ಧ ಹೊತ್ತಿದ ಕಡ್ಡಿ ಬರೀ ಹೊಗೆ ಕೊಡುತ್ತದೆ. ಪೆನ್ನು ಹಿಡಿದ ಹಾಗೆ ಹಿಡಿದು, ಕಿರುಬೆರಳನ್ನು ರೋಗಿಯ ಬೆನ್ನಿಗೆ ಊರಿ. ಕೈ ನಡುಗದಿರಲು ಇದೊಂದೇ ದಾರಿ. ಕೆಂಡ ಚರ್ಮದಿಂದ 2ರಿಂದ 3 ಸೆಂಟಿಮೀಟರ್ ದೂರದಲ್ಲಿರಲಿ. ಇನ್ನೊಂದು ಕೈಯ ತೋರುಬೆರಳು, ನಡುಬೆರಳನ್ನು ಗುರುತಿನ ಎರಡೂ ಪಕ್ಕ ಇಡಿ. ಬಿಸಿ ಎಷ್ಟಾಗುತ್ತಿದೆ ಎಂದು ನಿಮ್ಮ ಬೆರಳೇ ಹೇಳುತ್ತದೆ. ಹಳೆಯ ಉಪಾಯ, ಆದರೆ ಇದನ್ನು ಬಿಟ್ಟು ಯಾವ ಯಂತ್ರವೂ ಬೇಡ.

ಮೊದಲು ಒಂದೇ ಜಾಗದ ಮೇಲೆ ಸ್ಥಿರವಾಗಿ ಹಿಡಿಯಿರಿ. ಹಿತವಾದ ಕಾವು ಇಳಿಯುತ್ತಿದೆ ಎಂದು ರೋಗಿ ಹೇಳಬೇಕು. ಚುರ್ ಅಂದ ಕೂಡಲೇ ಒಂದು ಸೆಂಟಿಮೀಟರ್ ಮೇಲಕ್ಕೆ. ಚರ್ಮ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ನರಗಳು ಉರಿಯ ಸುದ್ದಿ ಕಳಿಸಲು ಶುರು ಮಾಡುತ್ತವೆ. ಆ ಗೆರೆಯ ಈಚೆಗೇ ಇರಬೇಕು. ತಾಳಿಕೊಂಡರೆ ಗುಣ ಜಾಸ್ತಿ ಎಂಬ ನಂಬಿಕೆ ಇದೆ ನೋಡಿ, ಅದು ಶುದ್ಧ ತಪ್ಪು. ಉರಿ ತಾಳಿಕೊಳ್ಳುವ ಬೆನ್ನು ಇನ್ನಷ್ಟು ಬಿಗಿಯುತ್ತದೆ. ನಾವು ಹೊರಟಿದ್ದು ಸಡಿಲಿಸಲು, ಅಲ್ವಾ?

ಒಂದು ಜಾಗಕ್ಕೆ ಐದು ನಿಮಿಷದಂತೆ ಮುಂದೆ ಹೋಗಿ. ಬಿಗಿತ ಅಗಲವಾಗಿ ಹರಡಿದ್ದರೆ ಕಡ್ಡಿಯನ್ನು ಚಿಕ್ಕ ವೃತ್ತದಲ್ಲಿ ಸುತ್ತಿಸಿ. ಗುಬ್ಬಚ್ಚಿ ಕಾಳು ಹೆಕ್ಕಿದ ಹಾಗೆ ಕೆಳಗೆ ಮೇಲೆ ಮಾಡುವ ವಿಧಾನವೂ ಇದೆ. ಅದರಲ್ಲಿ ಕಾವು ಚುರುಕು, ಅಪಾಯವೂ ಚುರುಕು. ಹೊಸಬರಿಗೆ ಬೇಡ. ಎರಡು ನಿಮಿಷಕ್ಕೊಮ್ಮೆ ಕಡ್ಡಿಯನ್ನು ಬಟ್ಟಲಿನ ಮೇಲೆ ತಂದು ಬೂದಿ ಉದುರಿಸಿ. ಬೂದಿ ಬೆಳೆಯಲು ಬಿಟ್ಟರೆ ಕಾವು ಕಡಿಮೆಯಾಗುತ್ತದೆ, ಇದ್ದಕ್ಕಿದ್ದಂತೆ ಕಿಡಿಯ ಸಮೇತ ಬೀಳುತ್ತದೆ. ಒಮ್ಮೆ ತಂಗಿಯ ಬೆನ್ನಿಗೆ ಹಿಡಿದಿದ್ದಾಗ ಫೋನ್ ಬಂತು. ಒಂದು ಕೈಯಲ್ಲಿ ಫೋನ್, ಒಂದು ಕೈಯಲ್ಲಿ ಕಡ್ಡಿ. ಹೆಸರುಕಾಳಿನಷ್ಟು ಬೊಕ್ಕೆ ಎದ್ದಿತು. ಅವಳು ಅದನ್ನು ಇವತ್ತಿಗೂ ಎತ್ತಿ ಆಡುತ್ತಾಳೆ. ಕಡ್ಡಿ ಕೈಯಲ್ಲಿರುವಾಗ ಫೋನ್ ಬೇರೆ ಕೋಣೆಯಲ್ಲಿರಲಿ.

ಚರ್ಮ ತಿಳಿಗೆಂಪಾಗಿ, ಮುಟ್ಟಿದರೆ ಬೆಚ್ಚಗಿದ್ದರೆ ಸಾಕು. ಕಡುಗೆಂಪು ಬಂದರೆ ಅತಿಯಾಯಿತು ಎಂದೇ ಅರ್ಥ.

ಒಬ್ಬರೇ ಇರುವವರು ಕಡ್ಡಿಯನ್ನು ಬೆನ್ನ ಹಿಂದೆ ಹಿಡಿಯುವ ಸಾಹಸ ಮಾಡಬೇಡಿ. ಮರದ ಮಾಕ್ಸಾ ಪೆಟ್ಟಿಗೆ ಸಿಗುತ್ತದೆ. ಅದನ್ನು ಬೆನ್ನ ಮೇಲೆ ಇಟ್ಟು ಮಲಗಬಹುದು, ಆದರೆ ಅದನ್ನೂ ಇಡಲು, ತೆಗೆಯಲು ಇನ್ನೊಬ್ಬರು ಇರಲೇಬೇಕು. ಮಲಗಿದವರಿಗೆ ನಿದ್ದೆ ಬರುವುದು ಗ್ಯಾರಂಟಿ.

ಮುಗಿದ ಕಡ್ಡಿಯನ್ನು ಕೆಂಡದ ತುದಿ ಕೆಳಗಾಗಿ ಮರಳಿನೊಳಗೆ ಚುಚ್ಚಿಡಿ. ಹೊರಗೆ ಆರಿದಂತೆ ಕಂಡರೂ ಒಳಗೆ ಉರಿಯುತ್ತಲೇ ಇರುತ್ತದೆ. ಹತ್ತು ನಿಮಿಷ ಬಿಟ್ಟು ತೆಗೆದು, ತುದಿಯ ಹತ್ತಿರ ಅಂಗೈ ಹಿಡಿದು ನೋಡಿ. ಕಸದ ಬುಟ್ಟಿಗೆ ಅಂದೇ ಹಾಕಬೇಡಿ.

ಕೈ: 10 ನಿಮಿಷ ಸಾಕು

ಕಾವು ಮುಗಿದ ಮೇಲೆ ಎರಡು ನಿಮಿಷ ಬಿಡಿ. ಚರ್ಮದ ಬಿಸಿ ಇಳಿಯಲಿ. ಆಗಷ್ಟೇ ಕಾದ ಚರ್ಮವನ್ನು ಉಜ್ಜಿದರೆ ಸಿಪ್ಪೆ ಕಿತ್ತ ಹಾಗಾಗುತ್ತದೆ. ಅದಕ್ಕೇ ನಾನು ತೆಳು ಹತ್ತಿ ಬಟ್ಟೆ ಹೊದಿಸಿ ಅದರ ಮೇಲೆಯೇ ಕೆಲಸ ಮಾಡುವುದು. ಆದರೆ ಹತ್ತು ನಿಮಿಷ ಹರಟೆ ಹೊಡೆಯುತ್ತಾ ಕೂರಬೇಡಿ, ಸಡಿಲವಾದ ಸ್ನಾಯು ತಣ್ಣಗಾಗುತ್ತದೆ.

ಮೊದಲ ಒಂದು ನಿಮಿಷ ಅಂಗೈ ಚಪ್ಪಟೆಯಾಗಿಟ್ಟು ಕತ್ತಿನ ಬುಡದಿಂದ ಕೆಳಕ್ಕೆ ನೀವಿ. ಇದು ಚಿಕಿತ್ಸೆಗಿಂತ ಪರಿಚಯ. ಎಲ್ಲಿ ಹಗ್ಗದಂತೆ ಬಿಗಿದಿದೆ, ಎಲ್ಲಿ ಮೆತ್ತಗಿದೆ ಎಂದು ಕೈಗೆ ಗೊತ್ತಾಗಲಿ. ಆಮೇಲೆ ಅಂಗೈಯ ಬುಡದಿಂದ ಬೆನ್ನುಮೂಳೆಯ ಪಕ್ಕದ ಸ್ನಾಯುವನ್ನು ಚಿಕ್ಕ ವೃತ್ತಗಳಲ್ಲಿ ನಾದುತ್ತಾ ಇಳಿಯಿರಿ. ಚಪಾತಿ ಹಿಟ್ಟಿನಷ್ಟು ಜೋರಾಗಿ ಅಲ್ಲ. ನಡುಗೆರೆಯ ಮೂಳೆಯ ಉಬ್ಬುಗಳ ಮೇಲೆ ಒತ್ತಲೇಬಾರದು. ಹೆಗಲ ಮೂಳೆಯ ಕೆಳತುದಿ ದಾಟಿ ಕೆಳಕ್ಕೆ ಹೋಗುವುದೂ ಬೇಡ. ಅಲ್ಲಿ ತುದಿ ಬಿಟ್ಟ ಪಕ್ಕೆಲುಬುಗಳು, ಅವುಗಳ ಹಿಂದೆ ಮೂತ್ರಪಿಂಡ. ಒತ್ತಡ ಎಷ್ಟು? ರೋಗಿ "ಹಿತವಾದ ನೋವು" ಅನ್ನುವಷ್ಟು, ಹತ್ತಕ್ಕೆ ನಾಲ್ಕು. ಉಸಿರು ಬಿಗಿಹಿಡಿದರೆ ಜಾಸ್ತಿಯಾಯಿತು. ಬಾಯಿಯಲ್ಲಿ "ಪರವಾಗಿಲ್ಲ" ಅನ್ನುತ್ತಿದ್ದರೂ ಉಸಿರು ಸುಳ್ಳು ಹೇಳುವುದಿಲ್ಲ.

ಗಂಟಿನಂಥ ಜಾಗ ಸಿಕ್ಕಾಗ ಹೆಬ್ಬೆರಳಿನಿಂದ ಅದುಮಿ ಅಲ್ಲೇ ನಿಲ್ಲಿ. 30 ಸೆಕೆಂಡ್, ಹೆಚ್ಚೆಂದರೆ ಒಂದು ನಿಮಿಷ. ಉಜ್ಜಬೇಡಿ. ರೋಗಿ ಮೂರು ನಾಲ್ಕು ಉದ್ದನೆಯ ಉಸಿರು ಬಿಡುವ ಹೊತ್ತಿಗೆ ಅದು ಕೈಯಡಿಯಲ್ಲೇ ಕರಗುತ್ತದೆ. ಕರಗದಿದ್ದರೆ ಬಿಟ್ಟುಬಿಡಿ, ಹಟ ಬೇಡ.

ಈಗ ಕೀಲು. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್ಲೆಂಡ್ ಕೀಲನ್ನು ಅಲುಗಿಸುವುದಕ್ಕೆ ನಾಲ್ಕು ಮಟ್ಟಗಳನ್ನು ಹೇಳಿದರು. ಒಂದನೆಯದು ಚಿಕ್ಕ ಅಲುಗು, ಎರಡನೆಯದು ಸ್ವಲ್ಪ ದೊಡ್ಡದು, ಎರಡೂ ಬಿಗಿತ ಸಿಗುವ ಮೊದಲೇ ವಾಪಸ್. ಮೂರು ನಾಲ್ಕು ಬಿಗಿತದ ಒಳಕ್ಕೆ ಹೋಗುವಂಥವು. ಮನೆಯವರ ಪಾಲಿಗೆ ಮೊದಲ ಎರಡೇ. ಅಂಗೈ ಚಪ್ಪಟೆಯಾಗಿ, ನೋಯುವ ಮಟ್ಟದಲ್ಲಿ, ಬೆನ್ನುಮೂಳೆಯ ಎರಡೂ ಪಕ್ಕ ಒಂದೊಂದು ಕೈ ಇಡಿ. ಮೊಣಕೈ ನೇರ. ರೋಗಿ ಉಸಿರು ಬಿಡುವಾಗ ನಿಮ್ಮ ಮೈಭಾರವನ್ನು ಸ್ವಲ್ಪ ಮುಂದಕ್ಕೆ ವಾಲಿಸಿ, ತೂಗಿದ ಹಾಗೆ ಒತ್ತಿ ಬಿಡಿ, ಒತ್ತಿ ಬಿಡಿ. ಉಸಿರು ಎಳೆಯುವಾಗ ಕೈ ಹಗುರ. ಹತ್ತು ಉಸಿರು ಆದ ಮೇಲೆ ನಿಲ್ಲಿಸಿ.

ಭಾರದ ಅಂದಾಜು ಸಿಗದಿದ್ದರೆ ನನ್ನ ಉಪಾಯ ನೋಡಿ. ತೂಕ ನೋಡುವ ಯಂತ್ರವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ. 5 ಕಿಲೋ ತೋರಿಸುವಾಗ ಕೈಗೆ ಹೇಗನಿಸುತ್ತದೆ ಎಂದು ನೆನಪಿಟ್ಟುಕೊಳ್ಳಿ. ನಾನು ಅದನ್ನು ದಾಟುವುದಿಲ್ಲ. ಮೊದಲ ಸಲ ಒತ್ತಿದಾಗ ನನ್ನ "ಮೆಲ್ಲಗೆ" ಅನ್ನುವುದು 14 ಕಿಲೋ ತೋರಿಸಿತ್ತು.

ಕೊನೆಗೆ ಹೆಗಲ ಮೂಳೆ. ರೋಗಿ ಪಕ್ಕಕ್ಕೆ ಹೊರಳಿ ಮಲಗಲಿ. ಒಂದು ಕೈ ಭುಜದ ಮೇಲೆ, ಒಂದು ಕೈ ಹೆಗಲ ಮೂಳೆಯ ಕೆಳತುದಿಯಲ್ಲಿ. ಮೂಳೆಯನ್ನೇ ಹಿಡಿದು ನಿಧಾನಕ್ಕೆ ಸುತ್ತಿಸಿ, ಎಂಟು ಹತ್ತು ಸಲ. ಕೆಲವರಿಗೆ ಬರೀ ಇದರಿಂದಲೇ ಅರ್ಧ ನೋವು ಇಳಿಯುತ್ತದೆ.

ಆ 'ಲಟಕ್' ಶಬ್ದದ ಬಗ್ಗೆ

ಬೆರಳಿನ ನೆಟಿಕೆ ತೆಗೆದ ಹಾಗೆ ಬೆನ್ನಿನ ನೆಟಿಕೆ ತೆಗೆಸಿಕೊಳ್ಳಲು ಜನ ಹಾತೊರೆಯುತ್ತಾರೆ. ಶಬ್ದ ಬಂದರೆ ಮೂಳೆ ಜಾಗಕ್ಕೆ ಕೂತಿತು ಎಂಬ ನಂಬಿಕೆ. ಹಾಗೇನಿಲ್ಲ. ಕೀಲಿನ ದ್ರವದೊಳಗೆ ದಿಢೀರನೆ ಒತ್ತಡ ಇಳಿದು ಗಾಳಿಯ ಗುಳ್ಳೆ ಆಗುವಾಗ ಬರುವ ಸದ್ದು ಅದು. ಶಬ್ದ ಬಾರದೆಯೂ ಕೀಲು ಸಡಿಲವಾಗುತ್ತದೆ, ಶಬ್ದ ಬಂದೂ ನೋವು ಹಾಗೇ ಇರಬಹುದು. ಒಬ್ಬರು ನನ್ನ ಬೆನ್ನಿನಿಂದ ಒಂದೇ ಏಟಿಗೆ ನಾಲ್ಕು ಸದ್ದು ತೆಗೆದಿದ್ದರು. ಎರಡು ಗಂಟೆ ಸ್ವರ್ಗ. ಸಂಜೆಗೆ ನೋವು ವಾಪಸ್, ಜೊತೆಗೆ ಪಕ್ಕೆಲುಬಿನ ಹತ್ತಿರ ಹೊಸದೊಂದು.

ಇಂಥ ಸದ್ದು ಬರಿಸುವ ಚುರುಕಾದ ತಳ್ಳು ಒಂದು ವಿದ್ಯೆ. ಸರಿಯಾಗಿ ಕಲಿತವರು, ಮೊದಲು ಪರೀಕ್ಷೆ ಮಾಡಿ, ಮೂಳೆಯ ಗಟ್ಟಿತನ ಕೇಳಿ ತಿಳಿದು, ನಿಮ್ಮ ಒಪ್ಪಿಗೆ ಪಡೆದು ಮಾಡಿದರೆ ಅದಕ್ಕೆ ಜಾಗ ಇದೆ. ಮನೆಯವರು ಬೆನ್ನಿನ ಮೇಲೆ ಹತ್ತಿ ತುಳಿಯುವುದು, ಹಿಂದಿನಿಂದ ತಬ್ಬಿ ಎತ್ತಿ ಝಾಡಿಸುವುದು ಬೇಡ.

ಎದ್ದು ಕೂತ ಮೇಲೆ

ಇಲ್ಲಿಯ ತನಕ ಎಲ್ಲವನ್ನೂ ಬೇರೆಯವರು ಮಾಡಿದರು. ಸಡಿಲವಾದ ಕೀಲನ್ನು ಆಗಲೇ ಬಳಸದಿದ್ದರೆ ಕಾವಲುಗಾರ ಮತ್ತೆ ಎದ್ದು ನಿಲ್ಲುತ್ತಾನೆ. ಐದು ನಿಮಿಷದ ಕೆಲಸ, ಆದರೆ ಜನ ಬಿಡುವುದೂ ಇದನ್ನೇ.

ಪಕ್ಕಕ್ಕೆ ಮಲಗಿ, ಮೊಣಕಾಲು ಮಡಿಚಿ, ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಚಾಚಿ. ಮೇಲಿನ ಕೈಯನ್ನು ಪುಸ್ತಕದ ಹಾಳೆ ಮಗುಚಿದಂತೆ ಹಿಂದಕ್ಕೆ ತೆರೆಯಿರಿ. ಕಣ್ಣು ಕೈಯನ್ನೇ ಹಿಂಬಾಲಿಸಲಿ. ತೆರೆದಲ್ಲಿ ಒಂದು ಉಸಿರು ನಿಂತು ವಾಪಸ್. ಪ್ರತಿ ಪಕ್ಕಕ್ಕೆ ಎಂಟು. ಆಮೇಲೆ ಬಿಗಿಯಾಗಿ ಸುರುಳಿ ಸುತ್ತಿದ ಟವೆಲನ್ನು ಹೆಗಲ ಮೂಳೆಯ ಕೆಳತುದಿಯ ಮಟ್ಟಕ್ಕೆ ಅಡ್ಡಲಾಗಿ ಇಟ್ಟು ಅಂಗಾತ ಮಲಗಿ. ತಲೆಯನ್ನು ಕೈಗಳಲ್ಲಿ ಹಿಡಿದು ಮೆಲ್ಲಗೆ ಹಿಂದಕ್ಕೆ ವಾಲಿ, ಎಂಟು ಸಲ. ಸೊಂಟ ಮೇಲೇಳದಿರಲಿ, ಬಾಗಬೇಕಾದ್ದು ಎದೆಯ ಹಿಂಭಾಗ. ಕೊನೆಗೆ ಎರಡೂ ಪಕ್ಕೆಗಳ ಮೇಲೆ ಅಂಗೈ ಇಟ್ಟು, ಅಂಗೈ ಹೊರಕ್ಕೆ ಸರಿಯುವಂತೆ ಐದು ದೀರ್ಘ ಉಸಿರು.

ಈಗ ಕುರ್ಚಿಯ ಪರೀಕ್ಷೆ ಮತ್ತೊಮ್ಮೆ. ಮೊದಲಿಗಿಂತ ದೂರ ತಿರುಗಿದಿರಾ? ಬರೆದಿಡಿ.

ಇಷ್ಟನ್ನೂ ದಿನ ಬಿಟ್ಟು ದಿನ, ಎರಡು ವಾರದಲ್ಲಿ ಆರು ಸಲ ಮಾಡಿದರೆ ಸಾಕು. ಚಲನೆ ಮಾತ್ರ ದಿನವೂ. ಮರುದಿನ ವ್ಯಾಯಾಮ ಮಾಡಿದಂಥ ಮೈಕೈ ನೋವು ಬರಬಹುದು, ಒಂದೆರಡು ದಿನಕ್ಕೆ ಹೋಗುತ್ತದೆ. ಹಾಗಲ್ಲದೆ ನೋವು ಚೂಪಾದರೆ, ಉಸಿರು ಇನ್ನಷ್ಟು ಕಷ್ಟವಾದರೆ, ಜೋಮು ಹಿಡಿದರೆ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ. ಮೂರು ಸಲ ಆದ ಮೇಲೂ ಬರೆದಿಟ್ಟ ಅಂಕಿ ಕದಲದಿದ್ದರೆ ಆರನೆಯದಕ್ಕೆ ಕಾಯಬೇಡಿ. ಅದು ನಾವು ಅಂದುಕೊಂಡ ನೋವಲ್ಲದಿರಬಹುದು.

ಸುಟ್ಟರೆ? ಹರಿಯುವ ತಣ್ಣೀರು, 20 ನಿಮಿಷ. ಮಂಜುಗಡ್ಡೆ, ಟೂತ್‌ಪೇಸ್ಟ್, ಬೆಣ್ಣೆ ಏನೂ ಬೇಡ. ಬೊಕ್ಕೆ ಎದ್ದರೆ ಒಡೆಯದೆ, ಅಂಟದ ಸ್ವಚ್ಛ ಪಟ್ಟಿ ಮುಚ್ಚಿ. ದೊಡ್ಡದಾದರೆ ಅಥವಾ ಸುತ್ತ ಕೆಂಪು ಹರಡಿದರೆ ತೋರಿಸಿ. ಆ ಜಾಗ ಪೂರ್ತಿ ಮಾಯುವ ತನಕ ಅಲ್ಲಿ ಕಾವೂ ಇಲ್ಲ, ಕೈಯೂ ಇಲ್ಲ. ಪುಸ್ತಕದ ಹಾಳೆ ಮಗುಚುವುದನ್ನು ಮಾತ್ರ ಮುಂದುವರಿಸಬಹುದು.